ಕಲ್ಮಶ ಸೇರದಂತೆ

ಜುಲೈ 4

ಬಾಟಲಿ ಸಾಹೇಬರಿಗೆ ಅಕ್ಕನ ಆಶೀರ್ವಾದಗಳು.

ಫೋನ್ ಇರುವಾಗ ಪತ್ರ ಯಾಕೆ ಎಂದು ನಿನ್ನ ಹೆಂಡತಿ ನಗುತ್ತಾಳಂತೆ. ನಗಲಿ. ಫೋನಿನಲ್ಲಿ ನೀನು "ಹೂಂ, ಆಯ್ತು, ಆಮೇಲೆ ಮಾಡ್ತೀನಿ" ಎಂದು ಅಷ್ಟರಲ್ಲೇ ಮುಗಿಸುವವನು. ಪತ್ರವಾದರೆ ನಾಲ್ಕು ಸಾಲಾದರೂ ಬರುತ್ತದೆ. ಹೇಗೂ ತಿಂಗಳಿಗೊಮ್ಮೆ ನಮ್ಮ ನೀರಿನ ಬಾಟಲಿ ನಿನ್ನ ಲ್ಯಾಬಿಗೆ ಬರುತ್ತದೆ. ಅದರ ಡಬ್ಬದಲ್ಲಿ ಒಂದು ಕಾಗದ ಇಟ್ಟರೆ ಬಸ್ಸಿನವರಿಗೇನೂ ಭಾರವಾಗುವುದಿಲ್ಲ.

ಸುದ್ದಿ ಏನೆಂದರೆ, ನಮ್ಮ ಟ್ಯಾಂಕಿನ ಕೆಳಗೆ ಬೋರ್ಡು ಹಾಕಿದ್ದಾರೆ. "ಈ ನೀರು ಕುಡಿಯಲು ಯೋಗ್ಯ" ಎಂದು ನೀಲಿ ಅಕ್ಷರದಲ್ಲಿ. ಅದರ ಕೆಳಗೆ ಗಾಜಿನ ಹಿಂದೆ ನೀನು ಸಹಿ ಮಾಡಿದ ವರದಿ. ನಲವತ್ತೆರಡು ಮನೆಯವರೂ ಬಂದು ನೋಡಿಕೊಂಡು ಹೋದರು. ದಾರದ ಕಾರ್ಖಾನೆ ಮುಚ್ಚಿದ ಮೇಲೆ ಈ ಸಾಲುಮನೆಗಳ ಬಗ್ಗೆ ಯಾರಾದರೂ ಒಂದು ಒಳ್ಳೆಯ ಮಾತು ಬರೆದುಕೊಟ್ಟದ್ದು ಇದೇ ಮೊದಲು. ನಿನ್ನ ಸಹಿ ಮಾತ್ರ ಎರೆಹುಳ ಬಿಸಿಲಿಗೆ ಬಿದ್ದ ಹಾಗಿದೆ. ಅದನ್ನೂ ಎಲ್ಲರಿಗೂ ತೋರಿಸಿ ಹೇಳಿದೆ.

ಎದುರುಮನೆ ಟೈಲರಮ್ಮ ಓದಿ ಓದಿ ಖುಷಿಪಟ್ಟಳು. "ನಿನ್ ತಮ್ಮ ಇರೋದಕ್ಕೆ ನಮಗೂ ಒಂದು ಬೆಲೆ ಬಂತು ಕಣೇ" ಎಂದಳು. ಅವಳ ಮಗಳಿಗೆ ಈಗ ಮೂರು ತಿಂಗಳು. ಮದುವೆಯಾಗಿ ಆರು ವರ್ಷಕ್ಕೆ ನಿಂತಿದೆ. ಸೆಪ್ಟೆಂಬರಿನಲ್ಲಿ ತಾಯಿಮನೆಗೆ ಬರುತ್ತಾಳಂತೆ. ಟೈಲರಮ್ಮ ಈಗಲೇ ಬೇರೆಯವರ ಬಟ್ಟೆಯ ಚೂರುಗಳಲ್ಲಿ ಪುಟ್ಟ ಅಂಗಿ ಹೊಲಿಯುತ್ತಾ ಕೂತಿದ್ದಾಳೆ. ನಾನು ಈಚೆ ಕಿಟಕಿಯಲ್ಲಿ ಶಾಲೆಯ ರಿಜಿಸ್ಟರುಗಳಿಗೆ ರಟ್ಟು ಅಂಟಿಸುತ್ತೇನೆ, ಅವಳು ಆಚೆ ಕಿಟಕಿಯಲ್ಲಿ ಮಿಷಿನ್ ತುಳಿಯುತ್ತಾಳೆ. ಹೀಗೇ ಇಪ್ಪತ್ತೆರಡು ವರ್ಷವಾಯಿತು.

ನೀರು ಬಿಡುವ ನಮ್ಮ ಅರ್ಧಗಂಟೆ ಹಾಗೇ ಇದ್ದಾನೆ. ಏಳಕ್ಕೆ ಎಂದರೆ ಏಳೂವರೆ. ಬಾಟಲಿ ತುಂಬಿಸುವ ಕೆಲಸ ಅವನದ್ದೇ, ಆದರೆ ಪ್ರತಿ ತಿಂಗಳೂ ಅದನ್ನು ನನ್ನ ಕೈಗೆ ಹಾಕಿ ಜಾರಿಕೊಳ್ಳುತ್ತಾನೆ. "ನಿಮ್ ತಮ್ಮನ ಆಫೀಸು, ನೀವೇ ನೋಡ್ಕೊಳ್ಳಿ" ಎನ್ನುತ್ತಾನೆ. ನೋಡಿಕೊಳ್ಳುತ್ತಿದ್ದೇನೆ.

ನಿನ್ನ ಅಕ್ಕ

&nbsp;

ಜುಲೈ 20

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾಲ್ಕು ಸಾಲು ಕೇಳಿದ್ದೀಯ, ಐದು ಬರೆಯುತ್ತೇನೆ. ನಾವೆಲ್ಲ ಕ್ಷೇಮ. ಬೋರ್ಡಿನ ಫೋಟೋವನ್ನು ನಿಮ್ಮ ನೀರಿನ ಸಮಿತಿಯವರು ಇಲ್ಲಿಗೂ ಕಳಿಸಿದ್ದರು. ನಮ್ಮ ಮೇಲಧಿಕಾರಿ ಅದನ್ನು ಗೋಡೆಗೆ ಅಂಟಿಸಿದ್ದಾರೆ. ಸಣ್ಣ ಊರುಗಳ ಪೈಕಿ ವರ್ಷವಿಡೀ ಒಂದೂ ದೂರಿಲ್ಲದ ವರದಿ ನಿಮ್ಮದೊಂದೇ. "ನಿಮ್ಮೂರಲ್ವೇನ್ರೀ" ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಒಂದು ಸಣ್ಣ ವಿಷಯ. ನಿನ್ನ ಬಾಟಲಿಯ ನೀರಿನಲ್ಲಿ ಗಡಸುತನ ತೀರಾ ಕಡಿಮೆ ಬರುತ್ತಿದೆ. ಗಡಸುತನವೆಂದರೆ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ಆ ಸುಣ್ಣದ ಅಂಶ. ಹಿಂದೆ ಶಾಲೆಯ ನಲ್ಲಿಯಿಂದ ತಂದ ನೀರಿನಲ್ಲಿ ನಾನೂರ ಇಪ್ಪತ್ತು ಇತ್ತು. ನಿನ್ನ ಬಾಟಲಿಯಲ್ಲಿ ನೂರ ಅರವತ್ತು ದಾಟುವುದೇ ಇಲ್ಲ. ಎರಡೂ ಒಂದೇ ಟ್ಯಾಂಕಿನ ನೀರು. ಬಾಟಲಿಯನ್ನು ಹೇಗೆ ತುಂಬಿಸುತ್ತೀಯ, ಬರೆ. ಗಾಬರಿ ಬೇಡ, ಸುಮ್ಮನೆ ಕೇಳಿದೆ.

ಸಹಿಯನ್ನು ಹೀಯಾಳಿಸಬೇಡ. ಅದಕ್ಕೆ ಇಲ್ಲಿ ಮರ್ಯಾದೆ ಇದೆ.

ನಿನ್ನ ತಮ್ಮ

&nbsp;

ಆಗಸ್ಟ್ 1

ಮರ್ಯಾದೆಯ ಸಹಿಯವರಿಗೆ,

ಗಾಬರಿ ಯಾಕೆ ಬೀಳಲಿ? ಬಾಟಲಿ ತುಂಬಿಸುವುದೂ ನೀನು ನನಗೆ ಕಲಿಸಬೇಕಾ? ಅದರ ಮೇಲೆ ನೀನೇ ಚೀಟಿ ಬರೆದು ಅಂಟಿಸಿದ್ದೀಯಲ್ಲ, "ಕಲ್ಮಶ ಸೇರದಂತೆ ನೀರು ತುಂಬಿಸಿ" ಎಂದು. ಅಕ್ಷರಶಃ ಹಾಗೇ ಮಾಡುತ್ತೇನೆ.

ಹಿಂದಿನ ದಿನ ಸಂಜೆಯೇ ನಲ್ಲಿ ನೀರು ಹಿಡಿದು ಒಲೆಯ ಮೇಲಿಡುತ್ತೇನೆ. ಕುದಿ ಬಂದ ಮೇಲೂ ಇಪ್ಪತ್ತು ನಿಮಿಷ ಬಿಡುತ್ತೇನೆ. ನಿನಗೆ ಚಿಕ್ಕಂದಿನಲ್ಲಿ ಕಾಮಾಲೆಯಾದಾಗಿನಿಂದ ಅಮ್ಮ ಮಾಡುತ್ತಿದ್ದ ಹಾಗೆ. ನನ್ನ ಕುಡಿಯುವ ನೀರನ್ನೂ ಇವತ್ತಿಗೂ ಹಾಗೇ ಮಾಡುವುದು. ಬೆಳಿಗ್ಗೆಗೆ ಆರಿರುತ್ತದೆ, ಸುಣ್ಣವೆಲ್ಲ ತಳಕ್ಕಿಳಿದಿರುತ್ತದೆ. ಮೇಲಿನ ತಿಳಿಯನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ ನಿನ್ನ ಬಾಟಲಿಗೆ ತುಂಬಿಸುತ್ತೇನೆ. ಒಂದು ಕೂದಲೆಳೆ ಸಿಕ್ಕಿದರೆ ಹೇಳು.

ನಲ್ಲಿಯಲ್ಲಿ ಬಂದದ್ದನ್ನು ಬಂದ ಹಾಗೇ ಹಿಡಿದು ಯಾರಾದರೂ ಸರ್ಕಾರಿ ಆಫೀಸಿಗೆ ಕಳಿಸುತ್ತಾರಾ? ಅದೂ ತಮ್ಮ ಕೂತಿರುವ ಆಫೀಸಿಗೆ? ಮನೆಗೆ ಬಂದವರಿಗೆ ತೊಳೆಯದ ಲೋಟ ಕೊಟ್ಟ ಹಾಗಾಗುವುದಿಲ್ಲವಾ? ಅರ್ಧಗಂಟೆಯ ಕೈಗೆ ಬಿಟ್ಟಿದ್ದರೆ ಅವನು ಕೊಳವೆಯಿಂದ ನೇರ ಹಿಡಿದು ಕಳಿಸಿ ನಿನ್ನ ಮಾನ ಕಳೆಯುತ್ತಿದ್ದ. ಹದಿಮೂರು ತಿಂಗಳಿನಿಂದ ಒಂದು ದಿನ ತಪ್ಪಿಸಿಲ್ಲ, ಜ್ವರ ಬಂದಾಗಲೂ.

ಸರಿಯಾಗಿದೆ ತಾನೆ? ಏನಾದರೂ ಹೆಚ್ಚುಕಡಿಮೆ ಇದ್ದರೆ ಬರೆ, ತಿದ್ದಿಕೊಳ್ಳುತ್ತೇನೆ.

ಅಕ್ಕ

&nbsp;

ಆಗಸ್ಟ್ 29

ಅಕ್ಕನಿಗೆ,

ಉತ್ತರ ತಡವಾಯಿತು, ಕ್ಷಮಿಸು. ಇಲ್ಲಿ ಒಂದೇ ಓಡಾಟ. ನನಗೆ ಬಡ್ತಿಯಾಗಿದೆ. ಇನ್ನು ಮುಂದೆ ನೀರಿನ ವಿಭಾಗಕ್ಕೆ ನಾನೇ ಮುಖ್ಯಸ್ಥ. ಕಿಟಕಿಯ ಪಕ್ಕದ ಕೋಣೆ, ಬಾಗಿಲ ಮೇಲೆ ಹೆಸರು. ಅಮ್ಮ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳು.

ಬಾಟಲಿಯ ವಿಷಯ. ಈಗ ಮಾಡುತ್ತಿರುವಂತೆಯೇ ಮುಂದುವರಿಸು. ಈ ವಿವರಗಳನ್ನೆಲ್ಲ ಪತ್ರದಲ್ಲಿ ಬರೆಯುವ ಅಗತ್ಯವಿಲ್ಲ, ಡಬ್ಬವನ್ನು ಕೆಲವೊಮ್ಮೆ ಬೇರೆಯವರೂ ತೆರೆಯುತ್ತಾರೆ. ಸಮಿತಿಯವರಿಗೂ ಹೇಳುವುದು ಬೇಡ, ಸುಮ್ಮನೆ ತಲೆ ತಿನ್ನುತ್ತಾರೆ.

ನೀನು ಕುಡಿಯುವ ನೀರನ್ನು ಕಾಯಿಸುವುದು ಮಾತ್ರ ಬಿಡಬೇಡ. ವಯಸ್ಸಾಯಿತು, ಹುಷಾರು.

ತಮ್ಮ

&nbsp;

ಅಕ್ಟೋಬರ್ 2

ಮುಖ್ಯಸ್ಥರಿಗೆ,

ಬಡ್ತಿಯ ಸುದ್ದಿಯನ್ನು ಈ ಸಾಲಿನಲ್ಲಿ ಕೇಳದವರಿಲ್ಲ. ಕಿವುಡು ಪೋಸ್ಟ್‌ಮಾಸ್ಟರಿಗೂ ಕೂಗಿ ಹೇಳಿದ್ದೇನೆ. ಅವರು ಈಗ ನೀರಿನ ಸಮಿತಿಯ ಅಧ್ಯಕ್ಷರು. "ನಿನ್ ತಮ್ಮ ಟ್ಯಾಂಕ್ ಮೇಲಿಂದ ಬಿದ್ನಾ?" ಎಂದು ಗಾಬರಿಯಾದರು. ಅವರಿಗೆ ಅರ್ಥಮಾಡಿಸುವಷ್ಟರಲ್ಲಿ ನನ್ನ ಗಂಟಲು ಹೋಯಿತು.

ಟೈಲರಮ್ಮನ ಮಗಳು ಬಂದು ಹತ್ತು ದಿನವಾಯಿತು. ಆರು ತಿಂಗಳು. ಮುಖ ತುಂಬಿಕೊಂಡಿದೆ. ನಾನು ಅವಳನ್ನು ಎತ್ತಿ ಆಡಿಸಿದವಳು, ಈಗ ನನ್ನನ್ನೇ ಎಬ್ಬಿಸಿ ಕುರ್ಚಿ ಎಳೆದುಕೊಂಡು ಕೂರುತ್ತಾಳೆ, "ದೊಡ್ಡಮ್ಮ, ಒಳಗಿರೋನು ಒದೀತಾನೆ, ಜಾಗ ಬಿಡಿ" ಎನ್ನುತ್ತಾ. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕೆಂದು ಡಾಕ್ಟರು ಹೇಳಿದ್ದಾರಂತೆ. ಎಣಿಸಿ ಎಣಿಸಿ ಕುಡಿಯುತ್ತಾಳೆ.

ಈಗ ಕೇಳು. ಹೋದ ವಾರ ನೀರು ಸ್ವಲ್ಪ ವಾಸನೆ ಬಂತು. ಚರಂಡಿ ಅಗೆಯುವಾಗ ನಮ್ಮ ಪೈಪಿಗೆ ಗುದ್ದಲಿ ತಾಗಿತು, ಆಮೇಲೆ ಸುತ್ತಿ ಕಟ್ಟಿದ್ದೇವೆ ಎಂದು ಅರ್ಧಗಂಟೆ ಹೇಳಿದ. ಟೈಲರಮ್ಮ ಓಡಿ ಬಂದಳು. "ಅಲ್ವೇ, ಮಗಳಿಗೆ ಕಾಯಿಸಿ ಕೊಡ್ಲಾ? ಮದುವೆ ಸೀಸನ್ನು, ಕೈಲಿ ಮೂವತ್ತು ರವಿಕೆ ಇದೆ, ಒಲೆ ಹತ್ರ ನಿಲ್ಲೋಕೂ ಪುರುಸೊತ್ತಿಲ್ಲ. ಆದ್ರೂ ನೀನು ಹೇಳಿದ್ರೆ ಕಾಯಿಸ್ತೀನಿ" ಎಂದಳು. ನಾನು ಅವಳ ಕೈಹಿಡಿದು ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ. ಸೆಪ್ಟೆಂಬರಿನ ವರದಿಯನ್ನು ಸಾಲು ಸಾಲಾಗಿ ಓದಿ ಹೇಳಿದೆ. "ಏನೂ ಬೇಕಾಗಿಲ್ಲ. ನನ್ ತಮ್ಮ ಸಹಿ ಹಾಕಿದ್ದಾನೆ ಅಂದ್ರೆ ಕಣ್ಮುಚ್ಕೊಂಡು ಕುಡಿಸು" ಎಂದೆ. ಅವಳಿಗೆ ಸಮಾಧಾನವಾಯಿತು.

ಆದರೂ ನಿನ್ನ ಕೈಯಿಂದ ಒಂದು ಸಾಲು ಬರಲಿ. ನೀರು ಸರಿಯಿದೆ ತಾನೆ? ಹುಡುಗಿ ಎರಡು ಜೀವದವಳು.

ಅಕ್ಕ

&nbsp;

ಅಕ್ಟೋಬರ್ 12

ಅಕ್ಕನಿಗೆ,

ಈ ತಿಂಗಳ ಮಾದರಿಯ ವರದಿಯ ಪ್ರಕಾರ ಎಲ್ಲ ಅಂಶಗಳೂ ನಿಗದಿತ ಮಿತಿಯೊಳಗಿವೆ. ಪೈಪು ದುರಸ್ತಿಯಾಗಿದ್ದರೆ ವಾಸನೆ ತಾನಾಗಿ ಹೋಗುತ್ತದೆ.

ಟೈಲರಮ್ಮ ಬೇಕಾದರೆ ಕಾಯಿಸಿ ಕೊಡಬಹುದು, ಕೊಟ್ಟರೆ ತಪ್ಪೇನಿಲ್ಲ. ಆದರೆ ಹಾಗೆಂದು ನಾನು ಹೇಳಿದೆ ಎನ್ನಬೇಡ. ಬೋರ್ಡು ಇರುವಾಗ ಜನ ಬೇರೆ ಅರ್ಥ ಕಟ್ಟುತ್ತಾರೆ.

ಕೆಲಸ ಬಹಳ. ಮತ್ತೆ ಬರೆಯುತ್ತೇನೆ.

ತಮ್ಮ

&nbsp;

ನವೆಂಬರ್ 13

ತಮ್ಮಾ,

ಇದನ್ನು ಡಬ್ಬದಲ್ಲಿ ಇಡುತ್ತಿಲ್ಲ, ಅಂಚೆಗೆ ಹಾಕುತ್ತಿದ್ದೇನೆ. ಡಬ್ಬ ಇನ್ನು ಬರುವುದಿಲ್ಲ.

ಸಾಲಿನಲ್ಲಿ ಹನ್ನೊಂದು ಮನೆಗೆ ಕಾಮಾಲೆ. ಮೊದಲು ಪೋಸ್ಟ್‌ಮಾಸ್ಟರ ಸೊಸೆ, ಆಮೇಲೆ ಅರ್ಧಗಂಟೆಯೇ. ಹೋದ ಗುರುವಾರ ಟೈಲರಮ್ಮನ ಮಗಳು ವಾಂತಿ ಮಾಡಿಕೊಂಡಳು. ಬಸುರಿನದ್ದು ಎಂದುಕೊಂಡೆವು. ಶನಿವಾರ ಕಣ್ಣು ಹಳದಿಯಾಯಿತು. ಈಗ ದೊಡ್ಡಾಸ್ಪತ್ರೆಯಲ್ಲಿದ್ದಾಳೆ. ಬಸುರಿಯರಿಗೆ ಈ ಕಾಮಾಲೆ ಬಂದರೆ ಜೀವಕ್ಕೇ ಅಪಾಯವಂತೆ. ಮಾತು ತೊದಲುತ್ತಾಳೆ, ಒಮ್ಮೊಮ್ಮೆ ತಾಯಿಯ ಗುರುತೂ ಹತ್ತುವುದಿಲ್ಲ.

ನಿನ್ನೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರಮ್ಮ ಬಂದು ಆರು ಮನೆಯ ನಲ್ಲಿಗಳಿಂದ ನೀರು ಹಿಡಿದರು. ಅಲ್ಲೇ ಒಂದು ಸಣ್ಣ ಪೆಟ್ಟಿಗೆಯಲ್ಲಿ ಏನೇನೋ ಹನಿ ಹಾಕಿ ನೋಡಿದರು. ಇವತ್ತು ಮತ್ತೆ ಬಂದು ಆರರಲ್ಲೂ ಚರಂಡಿ ನೀರು ಸೇರಿದೆ ಎಂದರು. ನನ್ನ ಅಡುಗೆಮನೆಯ ನಲ್ಲಿಯದ್ದೂ ಅದರಲ್ಲಿ ಒಂದು.

"ಇದೇ ನಲ್ಲಿಯಿಂದ ತಾನೇ ಪ್ರತಿ ತಿಂಗಳು ಬಾಟಲಿ ಹೋಗೋದು? ಅದು ಹೇಗೆ ಅಷ್ಟು ಚೆನ್ನಾಗಿ ಬಂತು?" ಎಂದು ಕೇಳಿದರು. ನಾನು ಹೇಗೆ ತುಂಬಿಸುತ್ತೇನೆಂದು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ ನೋಡು, ಇಪ್ಪತ್ತು ನಿಮಿಷ, ನಾಲ್ಕು ಮಡಿಕೆ, ಎಲ್ಲವನ್ನೂ. ಅವರು ಬರೆಯುವುದನ್ನು ನಿಲ್ಲಿಸಿದರು.

"ಅಮ್ಮಾ, ಕಾಯಿಸಿದ ನೀರು ಕಳಿಸಿದ್ರಾ? ಪರೀಕ್ಷೆ ಮಾಡ್ಬೇಕಾಗಿದ್ದು ನಲ್ಲಿ ನೀರನ್ನ. ಕಲ್ಮಶ ಸೇರದಂತೆ ಅಂದ್ರೆ ನಿಮ್ಮ ಕೈ ಬಾಟಲಿ ಬಾಯಿಗೆ ತಾಗದ ಹಾಗೆ ಹಿಡೀರಿ ಅಂತ" ಎಂದರು.

ನನ್ನದೇ ತಪ್ಪು, ನನ್ನ ಪೆದ್ದುತನ ಎಂದು ಅವರಿಗೇ ಹೇಳಿದೆ. ಅವರು ಬೋರ್ಡಿನ ವರದಿಯನ್ನು ಗಾಜಿನಿಂದ ತೆಗೆಸಿ ನೋಡಿದರು. ಬೆರಳಿಟ್ಟು ತೋರಿಸಿದರು. ಗಡಸುತನ ನೂರ ಐವತ್ತೆಂಟು. "ಈ ಟ್ಯಾಂಕಿನ ನೀರು ನಾನೂರರ ಮೇಲಿದೆ. ಕಾಯಿಸಿದ್ರೆ ಮಾತ್ರ ಹೀಗೆ ಇಳಿಯೋದು. ನಿಮಗೆ ಗೊತ್ತಾಗ್ಲಿಲ್ಲ ಸರಿ. ಲ್ಯಾಬಲ್ಲಿ ಕೂತೋರಿಗೆ ಒಂದೇ ನೋಟಕ್ಕೆ ಗೊತ್ತಾಗತ್ತೆ" ಎಂದರು.

ಆಗ ನನಗೆ ನೀನು ಜುಲೈನಲ್ಲಿ ಕೇಳಿದ್ದು ನೆನಪಾಯಿತು. ಮನೆಗೆ ಬಂದು ನಿನ್ನ ಪತ್ರಗಳನ್ನು ತೆಗೆದು ಓದಿದೆ. ನಾನು ಎಲ್ಲವನ್ನೂ ಬರೆದಿದ್ದೆ. ಹೆಚ್ಚುಕಡಿಮೆ ಇದ್ದರೆ ತಿದ್ದು ಎಂದೂ ಬರೆದಿದ್ದೆ. ನೀನು "ಮಾಡುತ್ತಿರುವಂತೆಯೇ ಮುಂದುವರಿಸು" ಎಂದೆ.

ಒಂದೇ ಪ್ರಶ್ನೆ. ಅದನ್ನು ಬರೆಯುವಾಗ ನಿನಗೆ ಗೊತ್ತಿತ್ತಾ? ಕೆಲಸದ ಗಡಿಬಿಡಿಯಲ್ಲಿ ನನ್ನ ಪತ್ರವನ್ನು ಸರಿಯಾಗಿ ಓದಲಿಲ್ಲ ಎಂದು ಹೇಳು. ನಾನು ನಂಬುತ್ತೇನೆ.

ಅಕ್ಕ

&nbsp;

ನವೆಂಬರ್ 18

ಅಕ್ಕಾ,

ಓದಿದ್ದೆ. ಎರಡು ಸಲ ಓದಿದ್ದೆ.

ನಿನ್ನ ಹತ್ತಿರ ಸುಳ್ಳು ಹೇಳಲಾರೆ. ಆದರೆ ನನ್ನ ಜಾಗದಲ್ಲಿ ನಿಂತು ನೋಡು. ಅಷ್ಟರೊಳಗೆ ಹದಿಮೂರು ವರದಿಗಳು ಹೋಗಿದ್ದವು, ಹದಿಮೂರಕ್ಕೂ ನನ್ನ ಸಹಿ. ಇಡೀ ವರ್ಷ ನನ್ನ ಅಕ್ಕ ಕಾಯಿಸಿದ ನೀರನ್ನು ಪರೀಕ್ಷೆ ಮಾಡಿದೆವು ಎಂದು ನಾನು ಬರೆದುಕೊಟ್ಟರೆ ಇಲಾಖೆಯವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಬಡ್ತಿಯ ಫೈಲು ಅದೇ ವಾರ ಮೇಜಿನ ಮೇಲಿತ್ತು. ಒಂದು ತಿಂಗಳು ಕಳೆಯಲಿ, ಆಮೇಲೆ ಸದ್ದಿಲ್ಲದೆ ಬೇರೆ ನಲ್ಲಿಯಿಂದ ತರಿಸಿ ಸರಿಮಾಡೋಣ ಎಂದುಕೊಂಡೆ. ನಿಮ್ಮ ಟ್ಯಾಂಕಿನ ನೀರು ಯಾವತ್ತೂ ಕೆಟ್ಟಿರಲಿಲ್ಲ. ಪೈಪು ಒಡೆಯುತ್ತದೆಂದು ನಾನು ಕನಸು ಕಂಡಿದ್ದೆನಾ? ಆ ಹುಡುಗಿ ಗುಣವಾಗುತ್ತಾಳೆ, ನೋಡುತ್ತಿರು. ನಾನೂ ಗುಣವಾದೆನಲ್ಲ.

ಡಿಸೆಂಬರ್ 15ಕ್ಕೆ ಅಲ್ಲಿ ವಿಚಾರಣೆಯಿದೆ. ನಿನ್ನನ್ನು ಕೇಳುತ್ತಾರೆ. ಬಾಟಲಿ ತುಂಬಿಸುವ ರೀತಿ ನನಗೆ ಗೊತ್ತಿರಲಿಲ್ಲ, ಯಾರಿಗೂ ತಿಳಿಸಿರಲಿಲ್ಲ ಎಂದಷ್ಟೇ ಹೇಳು. ನಿನಗೆ ಯಾರೂ ಏನೂ ಮಾಡುವುದಿಲ್ಲ. ಓದು ಕಡಿಮೆ, ವಯಸ್ಸಾದ ಹೆಂಗಸು, ಚೀಟಿಯನ್ನು ತಪ್ಪಾಗಿ ಅರ್ಥಮಾಡಿಕೊಂಡಳು ಎಂದು ಬಿಟ್ಟುಬಿಡುತ್ತಾರೆ. ನಾನಾದರೆ ಕೆಲಸವನ್ನೇ ಕಳೆದುಕೊಳ್ಳುತ್ತೇನೆ. ಇಬ್ಬರು ಮಕ್ಕಳು ಇನ್ನೂ ಓದುತ್ತಿದ್ದಾರೆ.

ನನ್ನ ಆಗಸ್ಟ್ ತಿಂಗಳ ಪತ್ರವನ್ನು ಒಲೆಗೆ ಹಾಕು. ನಿನ್ನದನ್ನು ನಾನು ಇಲ್ಲಿ ಹಾಕಿದ್ದೇನೆ.

ನಿನ್ನನ್ನು ಬಿಟ್ಟರೆ ನನಗೆ ಇನ್ನಾರಿದ್ದಾರೆ?

ತಮ್ಮ

&nbsp;

ಡಿಸೆಂಬರ್ 2

ಅಕ್ಕಾ,

ನೀನು ಉತ್ತರ ಬರೆದಿಲ್ಲ. ಫೋನೂ ಎತ್ತುತ್ತಿಲ್ಲ. ಹುಡುಗಿ ಹೋದ ಸುದ್ದಿ ಇಲಾಖೆಯ ಕಾಗದದಲ್ಲಿ ಬಂತು. ವಯಸ್ಸು ಇಪ್ಪತ್ತೇಳು ಎಂದು ಬರೆದಿದ್ದಾರೆ. ನನಗೆ ಊಟ ಸೇರುತ್ತಿಲ್ಲ.

ಮಗು ಉಳಿಯಿತಂತೆ. ಅಷ್ಟಾದರೂ ಆಯಿತು.

ಆ ಪತ್ರವನ್ನು ಏನು ಮಾಡಿದೆ? ಅದೊಂದನ್ನು ಹೇಳು.

ತಮ್ಮ

&nbsp;

ಡಿಸೆಂಬರ್ 14

ನಿನಗೆ,

ಅಷ್ಟಾದರೂ ಆಯಿತು ಎಂದು ಬರೆದೆಯಲ್ಲ, ಆ ಸಾಲನ್ನು ಬರೆದ ಕೈ ಹೇಗಿರಬಹುದು ಎಂದು ನೆನೆಸಿಕೊಳ್ಳಲು ನೋಡಿದೆ. ಆಗಲಿಲ್ಲ. ಆ ಕೈಗೆ ಬಳಪ ಹಿಡಿಸಿ ಅಕ್ಷರ ತಿದ್ದಿಸಿದವಳು ನಾನು.

ಓದು ಕಡಿಮೆ ಎಂದೆ. ಹೌದು, ನಿನ್ನನ್ನು ಓದಿಸಬೇಕೆಂದು ನಾನು ಏಳನೆಯ ತರಗತಿಗೇ ಬಿಟ್ಟು ರಟ್ಟಿಗೆ ಅಂಟು ಹಚ್ಚಲು ಕೂತೆ. ಅದನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಇವತ್ತು ಹೇಳುತ್ತಿದ್ದೇನೆ. ನನ್ನ ತಪ್ಪಿಗೆ ನಾನು ತಲೆ ಕೊಡುತ್ತೇನೆ, ಅದು ಬೇರೆ ಮಾತು. ಆದರೆ ನೀನು ನನ್ನ ದಡ್ಡತನವನ್ನು ಆಗಸ್ಟಿನಲ್ಲೇ ಕಂಡೆ. ಕಂಡು, ಅಕ್ಕಾ ಹೀಗಲ್ಲ ಎನ್ನಲಿಲ್ಲ. ಅದು ನಿನಗೆ ಉಪಯೋಗಕ್ಕೆ ಬಂತು, ಇಟ್ಟುಕೊಂಡೆ. ಈಗ ಮತ್ತೊಮ್ಮೆ ಉಪಯೋಗಕ್ಕೆ ಬೇಕು ಎನ್ನುತ್ತಿದ್ದೀಯ.

ನನಗೆ ಮಾತ್ರ ಕಾಯಿಸಿ ಕುಡಿ ಎಂದು ಬರೆದೆ. ನನ್ನೊಬ್ಬಳನ್ನು ಉಳಿಸಿಕೊಂಡೆ. ಓದಿದಾಗ ಎಷ್ಟು ಪ್ರೀತಿ ಇವನಿಗೆ ಎಂದುಕೊಂಡಿದ್ದೆ.

ಮಗುವನ್ನು ಆಸ್ಪತ್ರೆಯಿಂದ ಮೊನ್ನೆ ಮನೆಗೆ ತಂದರು. ಹೆಣ್ಣು. ಒಂದು ರಿಜಿಸ್ಟರಿನಷ್ಟೂ ತೂಕವಿಲ್ಲ. ಡಬ್ಬದ ಹಾಲಿನ ಪುಡಿಯನ್ನು ಕಾಯಿಸಿ ಆರಿಸಿದ ನೀರಿನಲ್ಲೇ ಕಲಸಬೇಕೆಂದು ನರ್ಸು ಹೇಳಿ ಕಳಿಸಿದ್ದಾಳೆ. ಟೈಲರಮ್ಮ ಮಿಷಿನ್ ಮುಂದೆ ಕೂತಿದ್ದಳು. ಒಪ್ಪಿಕೊಂಡ ಬಟ್ಟೆಗಳಿವೆ, ಮದುವೆಯವರು ಬಿಡುತ್ತಾರಾ? ಮಗು ಪಕ್ಕದ ಬುಟ್ಟಿಯಲ್ಲಿ ಮಲಗಿತ್ತು. ನಾನು ಕಾಯಿಸಿದ ನೀರಿನ ಪಾತ್ರೆಯನ್ನೂ ನಿನ್ನ ಪತ್ರಗಳನ್ನೂ ತೆಗೆದುಕೊಂಡು ಹೋದೆ. ಪಾತ್ರೆಯನ್ನು ಕೆಳಗಿಟ್ಟೆ, ಪತ್ರಗಳನ್ನು ಅವಳ ಕೈಗೆ ಕೊಟ್ಟೆ. ಜುಲೈನದ್ದು, ಆಗಸ್ಟಿನದ್ದು, ಅಕ್ಟೋಬರಿನದ್ದು, ಆಮೇಲಿನ ಎರಡು. ನಾನು ನಿನಗೆ ಬರೆದದ್ದನ್ನು ನೀನು ಸುಟ್ಟಿದ್ದೀಯ, ಅದರಲ್ಲಿದ್ದುದನ್ನು ಬಾಯಲ್ಲಿ ಹೇಳಿದೆ.

ಅವಳು ನಿಧಾನವಾಗಿ ಓದುವವಳು. ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. ನಾನು ನಿಂತೇ ಇದ್ದೆ. ನಿನ್ನನ್ನು ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ, ನಾನೂ ಜೊತೆಗೆ ಸೇರಿ ಅಳಬಹುದು ಎಂದುಕೊಂಡಿದ್ದೆ. ನನಗೂ ಮೋಸವಾಗಿದೆಯಲ್ಲ.

ಅವಳು ನಿನ್ನ ಮಾತನ್ನೇ ಎತ್ತಲಿಲ್ಲ. ಪತ್ರಗಳನ್ನು ಮಡಿಸಿ ಮಿಷಿನಿನ ಡ್ರಾಯರಿನಲ್ಲಿಟ್ಟಳು. ಪಾತ್ರೆಯನ್ನು ನೋಡಿದಳು.

"ನಿಮ್ಮನೇಲಿ ಮೊದಲಿಂದ್ಲೂ ಕಾಯಿಸಿದ್ದೇ ಕುಡಿಯೋದಾ?" ಎಂದಳು.

ಹೌದು ಎಂದೆ.

"ನನ್ ಮಗಳಿಗೆ ಬೇಕಾಗಿಲ್ಲ ಅಂದೆ ನೀನು."

ಅದಕ್ಕೂ ಹೌದು ಎಂದೆ. ಅಭ್ಯಾಸವಾಗಿ ಹೋಗಿತ್ತು, ಅನುಮಾನದಿಂದಲ್ಲ ಎಂದು ಹೇಳಬೇಕೆನಿಸಿತು. ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಹೌದು. ನಿನ್ನ ಪತ್ರದಲ್ಲಿ ನೀನು ಬರೆದ ಕಾರಣಗಳೂ ನಿಜವೇ ಇರಬಹುದು. ಹಾಗಾಗಿ ಸುಮ್ಮನಾದೆ.

ಅವಳು ನೀರಿನ ಪಾತ್ರೆಯನ್ನು ನನ್ನ ಕೈಗೆ ವಾಪಸ್ಸು ಕೊಟ್ಟಳು. ಎದ್ದು ಹೋಗಿ ತಾನೇ ಒಲೆ ಹಚ್ಚಿದಳು.

ನಾಳೆ ಬೆಳಿಗ್ಗೆ ಹತ್ತಕ್ಕೆ ಶಾಲೆಯ ದೊಡ್ಡ ಕೋಣೆಯಲ್ಲಿ ವಿಚಾರಣೆ. ಮೊದಲು ನನ್ನದನ್ನು ಹೇಳುತ್ತೇನೆ, ಆಮೇಲೆ ನಿನ್ನದನ್ನು. ಪತ್ರಗಳನ್ನು ಅವಳೇ ತರುತ್ತಾಳೆ. ಈ ಪತ್ರ ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬೇಕೆಂದೇ ಇವತ್ತು ಅಂಚೆಗೆ ಹಾಕುತ್ತಿದ್ದೇನೆ, ನೀನು ಓಡಿ ಬಂದು ನನ್ನ ಕಾಲು ಹಿಡಿಯಬಾರದೆಂದು. ಹಿಡಿದರೆ ನಾನು ಕರಗುತ್ತೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.